ಪದವು ಬಂಜರೇ? ಉಪಗ್ರಹದ ಕಣ್ಣಿನಲ್ಲಿ ಕಾಸರಗೋಡಿನ ನೆಲ

[ಪರದೆಯ ಮೇಲೆ: ಬದಿಯಡ್ಕದ ಕಡೆಯ ಒಂದು ಮುರಕಲ್ಲಿನ ಪದವು, ಮಾರ್ಚ್ ತಿಂಗಳ ಉಪಗ್ರಹ ಚಿತ್ರ. ಹಿನ್ನೆಲೆ ಸಂಗೀತ ಬೇಡ.]

ನಮಸ್ಕಾರ. ಈ ಚಿತ್ರದ ನಡುವೆ ಕಂದುಗಪ್ಪು ಬಣ್ಣದ ಒಂದು ದೊಡ್ಡ ಮಚ್ಚೆ ಕಾಣುತ್ತಿದೆ. ಅದರ ಅಂಚಿನಿಂದ ಕಣಿವೆಗಳ ಉದ್ದಕ್ಕೂ ಹಸಿರು ಎಳೆಎಳೆಯಾಗಿ ಇಳಿದಿದೆ. ಅವು ಅಡಿಕೆ ತೋಟಗಳು. ಮಚ್ಚೆಯೊಳಗೆ ಮಾತ್ರ ಮರವಿಲ್ಲ, ಮನೆಯಿಲ್ಲ, ಬೆಳೆಯಿಲ್ಲ. ಕಾಸರಗೋಡನ್ನು ಕಂಡರಿಯದ ಒಬ್ಬರು ಎಲ್ಲೋ ದೂರದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಈ ನೆಲಕ್ಕೆ ಒಂದು ಹೆಸರು ಕೊಡಬೇಕಾಗಿ ಬಂದರೆ ‘ಬಂಜರು ಕಲ್ಲುನೆಲ’ ಎಂದೇ ಬರೆದಾರು. ಅವರನ್ನು ದೂರುವಂತಿಲ್ಲ, ಏಕೆಂದರೆ ದೇಶದ ಬಂಜರು ಭೂಮಿಯ ಅಟ್ಲಾಸಿನಲ್ಲಿ ಅಂಥದೊಂದು ವರ್ಗವೇ ಇದೆ.

ಇದೇ ನೆಲವನ್ನು ಊರಿನವರು ಕರೆಯುವ ಬಗೆ ಬೇರೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಒಣ ಸಮತಟ್ಟು ಅಡ್ಕ. ಗುಡ್ಡದ ತಲೆಯ ಮೇಲಿನ ವಿಶಾಲ ಬಯಲು ಪದವು. ಬರಿಗಲ್ಲು ತೇಲಿದ ಕಡೆ ಪಾರೆ. ಅದರ ನಡುವೆ ಮಳೆನೀರು ನಿಲ್ಲುವ ತಗ್ಗು ಪಳ್ಳ. ಗದ್ದೆಗೆ ಬಂದರೆ ಬೈಲು, ಮಜಲು, ಬೆಟ್ಟು ಎಂದು ನೀರಿನ ಲೆಕ್ಕದಲ್ಲೇ ಮೂರು ದರ್ಜೆಗಳಿವೆ. ಬದಿಯಡ್ಕ, ಧರ್ಮತ್ತಡ್ಕ, ಏತಡ್ಕ ಎಂಬ ಹೆಸರುಗಳನ್ನು ಸುಮ್ಮನೆ ಓದಿಕೊಂಡು ಹೋದರೂ ಸಾಕು, ಎಲ್ಲಿ ಯಾವ ನೆಲವಿತ್ತೆಂಬ ಒಂದು ನಕ್ಷೆ ಕಣ್ಣ ಮುಂದೆ ಬರುತ್ತದೆ. ಉಪಗ್ರಹದ ಚಿತ್ರವನ್ನು ನೆಲದ ನಕ್ಷೆಯಾಗಿ ಮಾಡುವುದೆಂದರೆ ಈ ಹೆಸರಿಡುವ ಕೆಲಸವನ್ನೇ ಬೆಳಕಿನ ಅಳತೆಯಿಂದ ಮಾಡುವುದು. ಆ ಅಳತೆ ಹೇಗೆ ನಡೆಯುತ್ತದೆ, ನಮ್ಮ ಪದವುಗಳ ವಿಷಯದಲ್ಲಿ ಅದು ಎಲ್ಲಿ ಎಡವುತ್ತದೆ ಎಂಬುದು ಇವತ್ತಿನ ವಿಷಯ.

[ಪರದೆಯ ಮೇಲೆ: ಒಂದು ಅಡಿಕೆ ಸೋಗೆ, ಪಕ್ಕದಲ್ಲಿ ಒಂದು ಮುರಕಲ್ಲಿನ ತುಂಡು.]

ಸೂರ್ಯನ ಬೆಳಕು ಹಸಿರೆಲೆಯ ಮೇಲೆ ಬಿದ್ದಾಗ ಅದರ ಕೆಂಪು ಭಾಗವನ್ನು ಪತ್ರಹರಿತ್ತು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ, ಕೆಂಪಿನ ಆಚೆಗಿರುವ ಅವಕೆಂಪು ಕಿರಣವನ್ನು ಮಾತ್ರ ಎಲೆಯ ಒಳಗಿನ ಜೀವಕೋಶಗಳ ರಚನೆ ಚದುರಿಸಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ಒಣಮಣ್ಣಿಗೂ ಕಲ್ಲಿಗೂ ಈ ಎರಡರ ನಡುವೆ ಅಂಥ ದೊಡ್ಡ ಅಂತರವಿಲ್ಲ. ಅವಕೆಂಪಿನಿಂದ ಕೆಂಪನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಎನ್‌ಡಿವಿಐ, ಅಂದರೆ ಸಸ್ಯ ಸೂಚ್ಯಂಕ ಎನ್ನುತ್ತಾರೆ. ಲೆಕ್ಕ ತಿಳಿಯಲೆಂದು ಕೆಲವು ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ತೋಟವೊಂದು ಕೆಂಪು ಬೆಳಕಿನಲ್ಲಿ ನೂರಕ್ಕೆ 4, ಅವಕೆಂಪಿನಲ್ಲಿ 44 ಪಾಲು ಹಿಂತಿರುಗಿಸಿದರೆ 40ನ್ನು 48ರಿಂದ ಭಾಗಿಸಬೇಕು, ಉತ್ತರ 0.83. ಮಾರ್ಚಿನ ಪಾರೆ 18 ಮತ್ತು 24 ಹಿಂತಿರುಗಿಸಿದರೆ 6ನ್ನು 42ರಿಂದ ಭಾಗಿಸಿದಾಗ ಬರುವುದು 0.14. ಸೊನ್ನೆಯ ಹತ್ತಿರ ಬಂದಷ್ಟೂ ನೆಲ ಬರಿದು, ಒಂದರ ಕಡೆಗೆ ಏರಿದಷ್ಟೂ ಹಸಿರು ದಟ್ಟ.

ಭಾರತದಲ್ಲಿ ದೂರಸಂವೇದನೆಯ, ಅಂದರೆ ನೆಲವನ್ನು ಮೇಲಿನಿಂದ ಅಳೆಯುವ ಈ ವಿದ್ಯೆಯ ಮೊದಲ ಪ್ರಯೋಗ ನಡೆದದ್ದು ತೆಂಗಿನ ಮರದ ಮೇಲೆ, ಅದೂ ಕೇರಳದಲ್ಲಿ. 1970ರ ಸುಮಾರಿಗೆ ಹವಾಮಾನ ವಿಜ್ಞಾನಿ ಪಿ. ಆರ್. ಪಿಷಾರಟಿ ಅವರ ತಂಡ ಹೆಲಿಕಾಪ್ಟರಿನಲ್ಲಿ ಕ್ಯಾಮೆರಾ ಇಟ್ಟುಕೊಂಡು, ಅವಕೆಂಪನ್ನು ಗ್ರಹಿಸುವ ಫಿಲ್ಮಿನಲ್ಲಿ ತೆಂಗಿನ ತೋಟಗಳ ಚಿತ್ರ ತೆಗೆದು, ಬೇರು ಸೊರಗು ರೋಗ ತಗಲಿದ ಮರಗಳನ್ನು ಮೇಲಿನಿಂದಲೇ ಗುರುತಿಸಿತು. ಆ ಫಿಲ್ಮಿನಲ್ಲಿ ಆರೋಗ್ಯದ ಮರ ಗಾಢ ಕೆಂಪಾಗಿ ಕಾಣುತ್ತದೆ. ಇವತ್ತಿಗೂ ಉಪಗ್ರಹ ಚಿತ್ರಗಳಲ್ಲಿ ಕಾಡು, ತೋಟಗಳನ್ನು ಕೆಂಪಾಗಿ ತೋರಿಸುವ ರೂಢಿ ಉಳಿದಿದೆ. ಮೊದಲ ಸಲ ನೋಡಿದವರು ಊರಿಗೆ ಬೆಂಕಿ ಬಿದ್ದಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ 1972ರ ಜುಲೈಯಲ್ಲಿ ಹಾರಿತು. ನಮ್ಮದೇ ಆದ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಬೈಕನೂರಿನಿಂದ ಕಕ್ಷೆಗೆ ಸೇರಿತು. ಕೇರಳದ ತೆಂಗಿನ ಪ್ರಯೋಗ ಇವೆರಡಕ್ಕೂ ಹಿಂದಿನದು.

[ಪರದೆಯ ಮೇಲೆ: ತೋಟದ ಚಿತ್ರವನ್ನು ಹಿಗ್ಗಿಸುತ್ತಾ ಹೋಗಿ, ಚೌಕಗಳು ಬಿಡಿಬಿಡಿಯಾಗಿ ಕಾಣುವಲ್ಲಿ ನಿಲ್ಲಿಸುವುದು.]

ನಾವು ಹೆಚ್ಚಾಗಿ ಬಳಸುವುದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು. ಅವು 786 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ಜೋಡಿಯಾಗಿ ಐದು ದಿನಕ್ಕೊಮ್ಮೆ, ಬೆಳಗ್ಗೆ ಹನ್ನೊಂದರ ಆಸುಪಾಸಿನಲ್ಲಿ ನಮ್ಮ ಮೇಲೆ ಹಾದುಹೋಗುತ್ತವೆ. ಚಿತ್ರಗಳು ಎಲ್ಲರಿಗೂ ಉಚಿತ. ಅದರ ಒಂದೊಂದು ಚೌಕವೂ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ನಮ್ಮ ಅಳತೆಯಲ್ಲಿ ಸುಮಾರು ಎರಡೂವರೆ ಸೆಂಟ್ಸ್. ಕಂಗುಗಳನ್ನು 2.7 ಮೀಟರ್ ಅಂತರದಲ್ಲಿ ನೆಟ್ಟಿದ್ದರೆ ಒಂದು ಚೌಕದೊಳಗೆ ಹದಿಮೂರು ಹದಿನಾಲ್ಕು ಮರ ಹಿಡಿಯುತ್ತವೆ, ಮತ್ತು ಅವೆಲ್ಲಕ್ಕೂ ಸೇರಿ ಸಿಗುವುದು ಒಂದೇ ಒಂದು ಸಂಖ್ಯೆ. ಹದಿನಾಲ್ಕರಲ್ಲಿ ಒಂದು ಮರಕ್ಕೆ ಹಳದಿ ಎಲೆ ರೋಗ ಬಂದರೆ ಉಳಿದ ಹದಿಮೂರರ ಹಸಿರಿನಲ್ಲಿ ಅದು ಮುಳುಗಿಹೋಗುತ್ತದೆ. ಅರ್ಧ ತೋಟವೇ ಹಳದಿಗೆ ತಿರುಗಿದಾಗ ಸಂಖ್ಯೆ ಇಳಿಯುವುದು ನಿಜ, ಆದರೆ ಅಷ್ಟು ಹೊತ್ತಿಗೆ ತೋಟದವರಿಗೆ ಉಪಗ್ರಹ ಹೇಳಬೇಕಾದ್ದೇನೂ ಉಳಿದಿರುವುದಿಲ್ಲ. ಕೊಳೆರೋಗದ ಮಾತಂತೂ ಎತ್ತುವುದೇ ಬೇಡ. ಅದು ಬರುವುದು ಮೋಡ ಕವಿದ ಆಟಿ ತಿಂಗಳಲ್ಲಿ, ಸೋಗೆಯ ಕೆಳಗಿನ ಗೊನೆಗೆ. ‘ಉಪಗ್ರಹದಿಂದ ನಿಮ್ಮ ಅಡಿಕೆಯ ರೋಗ ಪತ್ತೆ’ ಎಂಬ ಜಾಹೀರಾತು ಕಂಡರೆ ಈ ಹದಿನಾಲ್ಕು ಮರಗಳನ್ನು ನೆನಪಿಸಿಕೊಳ್ಳಿ.

ಹಾಗಾದರೆ ಇದರಿಂದ ಏನು ತಿಳಿಯುತ್ತದೆ? ಒಂದು ಚಿತ್ರವನ್ನು ಬಿಟ್ಟು ವರ್ಷವಿಡೀ ಬಂದ ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡಾಗ ಬಹಳಷ್ಟು ತಿಳಿಯುತ್ತದೆ. ಜನವರಿಯ ಹೊತ್ತಿಗೆ ರಬ್ಬರ್ ಎಲೆ ಉದುರಿಸುತ್ತದೆ. ಅದರ ಸೂಚ್ಯಂಕ ಒಮ್ಮೆ ಕುಸಿದು, ಹೊಸ ಚಿಗುರು ಬಂದಂತೆ ಕೆಲವೇ ವಾರಗಳಲ್ಲಿ ಮೇಲೇರುತ್ತದೆ. ಅಡಿಕೆ ತೋಟದ ಗೆರೆ ನೀರಿರುವವರೆಗೆ ಅಲುಗುವುದಿಲ್ಲ. ಗೇರು ಎಲೆ ಬಿಡುವುದಿಲ್ಲ. ಮಾರ್ಚಿನ ಒಂದೇ ಚಿತ್ರದಲ್ಲಿ ಬರೀ ಹಸಿರಾಗಿ ಕಲಸಿಹೋಗಿದ್ದ ಮೂರು ತೋಟಗಳು ಹನ್ನೆರಡು ತಿಂಗಳ ಗೆರೆಯಲ್ಲಿ ಬೇರೆಬೇರೆಯಾಗಿ ನಿಲ್ಲುತ್ತವೆ. ಏಪ್ರಿಲಿನಲ್ಲಿ ಗುಡ್ಡವೆಲ್ಲ ಒಣಗಿರುವಾಗಲೂ ಅದರ ಬುಡದಲ್ಲಿ ಒಂದು ಹಸಿರು ತುಂಡು ಗಟ್ಟಿಯಾಗಿ ಉಳಿದಿದ್ದರೆ ಅಲ್ಲಿ ಬಾವಿಯೋ, ಕೊಳವೆಬಾವಿಯೋ, ಸುರಂಗವೋ ಇರಬೇಕು. ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತಂದ ಸುರಂಗವನ್ನು ಯಾವ ಉಪಗ್ರಹವೂ ಕಾಣಲಾರದು, ಅದು ಹಸಿರಾಗಿಸಿದ ತೋಟ ಮಾತ್ರ ಕಾಣುತ್ತದೆ.

[ಪರದೆಯ ಮೇಲೆ: ಮೊದಲಿನ ಅದೇ ಪದವು. ಜನವರಿಯಿಂದ ಡಿಸೆಂಬರಿನವರೆಗೆ ಹನ್ನೆರಡು ಚೌಕಟ್ಟುಗಳು. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕರಲ್ಲಿ ಬರೀ ಬಿಳಿ ಮೋಡ.]

ಈಗ ಪದವಿಗೆ ಮರಳೋಣ. ಮಳೆ ಹಿಡಿದ ಕೆಲವು ವಾರಗಳಲ್ಲೇ ಪಾರೆಯ ಬಿರುಕುಗಳಲ್ಲಿ ಹುಲ್ಲು ಏಳುತ್ತದೆ. ಪಳ್ಳಗಳು ತುಂಬುತ್ತವೆ. ಬೆರಳಿನಷ್ಟು ಆಳದ ನೀರು ನಿಂತ ಕಡೆ, ಕೀಟಗಳನ್ನು ಹಿಡಿದು ಬದುಕುವ ಯುಟ್ರಿಕ್ಯುಲೇರಿಯಾ ಗಿಡಗಳ ನೀಲಿ ಹೂಗಳು ಹಾಸಿದಂತೆ ಅರಳುತ್ತವೆ. ಹಂಚಿನ ಮನೆಗಳು ಬರುವ ಮೊದಲು ಮಾಡು ಹೊದೆಸಲು ಬೇಕಾದ ಮುಳಿಹುಲ್ಲು ಇಂಥ ಗುಡ್ಡೆಗಳಿಂದಲೇ ಬರುತ್ತಿತ್ತು. ನಮ್ಮ ಹಿಂದಿನ ಲೆಕ್ಕದಲ್ಲೇ ಕೆಂಪಿಗೆ 6, ಅವಕೆಂಪಿಗೆ 34 ಎಂದು ಇಟ್ಟರೆ ಆ ಹುಲ್ಲಿನ ಸೂಚ್ಯಂಕ 0.70. ಬರಡೆಂದು ಬರೆಸಿಕೊಂಡ ನೆಲ ಆ ತಿಂಗಳುಗಳಲ್ಲಿ ತೋಟದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಆದರೆ ಅದು ಜೀವ ತಳೆಯುವ ಆ ನಾಲ್ಕು ತಿಂಗಳೇ ಕರಾವಳಿಯ ಆಕಾಶ ಮುಚ್ಚಿರುವ ತಿಂಗಳುಗಳು. ಉಪಗ್ರಹ ಐದು ದಿನಕ್ಕೊಮ್ಮೆ ತಪ್ಪದೆ ಬರುತ್ತದೆ, ಮೋಡದ ಬೆನ್ನನ್ನು ನೋಡಿ ಹೋಗುತ್ತದೆ. ನಿಚ್ಚಳ ಚಿತ್ರಗಳನ್ನು ಮಾತ್ರ ಆಯ್ದು ನಕ್ಷೆ ಮಾಡುವುದು ಒಳ್ಳೆಯ ಕ್ರಮವೆಂದು ಎಲ್ಲೆಡೆ ಕಲಿಸುತ್ತಾರೆ. ನಮ್ಮ ಪದವುಗಳ ಮಟ್ಟಿಗೆ ಆ ಒಳ್ಳೆಯ ಕ್ರಮದಿಂದಲೇ ತಪ್ಪು ಹುಟ್ಟುತ್ತದೆ, ಏಕೆಂದರೆ ನಿಚ್ಚಳವಾಗಿ ಸಿಗುವ ಚಿತ್ರಗಳೆಲ್ಲ ಅವು ಒಣಗಿದ ಕಾಲದವು. ಬಂಜರು ಎಂದು ದಾಖಲಾದ ನೆಲವನ್ನು ಕಲ್ಲಿನ ಕೋರೆಗೋ ಕಟ್ಟಡಕ್ಕೋ ಕೇಳುವುದು ಸುಲಭ. ಹಾಗಾಗಿ ಈ ತಪ್ಪನ್ನು ಬರೀ ತಾಂತ್ರಿಕ ವಿಷಯವೆಂದು ಬಿಡಲು ನನಗೆ ಮನಸ್ಸಿಲ್ಲ.

ಕೋರೆಗಳನ್ನು ಮಾತ್ರ ಉಪಗ್ರಹ ಚೆನ್ನಾಗಿ ಹಿಡಿಯುತ್ತದೆ. ಗಾಳಿ ಮಳೆಗೆ ಒಡ್ಡಿಕೊಂಡ ಮುರಕಲ್ಲು ಕಾಲಾಂತರದಲ್ಲಿ ಕಪ್ಪಾಗುತ್ತದೆ. ಹೊಸದಾಗಿ ಕಡಿದ ಮುಖ ಇಟ್ಟಿಗೆಯ ಬಣ್ಣದಲ್ಲಿ ಹೊಳೆಯುತ್ತದೆ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿಗೆ, ಮಲಬಾರಿನಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದಲೇ. ಕಪ್ಪು ಮಚ್ಚೆಯ ಅಂಚಿನಲ್ಲಿ ಗೆರೆ ಎಳೆದಂಥ ಕಿತ್ತಳೆಗೆಂಪು ಚೌಕಗಳು ವರ್ಷದಿಂದ ವರ್ಷಕ್ಕೆ ಒಳಸರಿಯುತ್ತಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಮೂವತ್ತು ಮೀಟರ್ ಚೌಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು 1980ರ ದಶಕದಿಂದ ಕೂಡಿಬಂದಿವೆ ಮತ್ತು 2008ರಿಂದ ಉಚಿತವಾಗಿ ಸಿಗುತ್ತಿವೆ. ಒಂದು ಗುಡ್ಡೆಯ ಮೂರು ದಶಕಗಳ ಕಥೆಯನ್ನು ನೋಡಲು ಅವು ಧಾರಾಳ ಸಾಕು.

[ಪರದೆಯ ಮೇಲೆ: ಜುಲೈ ತಿಂಗಳ ರಡಾರ್ ಚಿತ್ರ, ಕಪ್ಪು ಬಿಳುಪಿನಲ್ಲಿ.]

ಮೋಡವನ್ನು ದಾಟುವ ದಾರಿ ರಡಾರ್. ಇಲ್ಲಿ ಸೂರ್ಯನ ಬೆಳಕಿನ ಹಂಗಿಲ್ಲ. ಉಪಗ್ರಹ ತಾನೇ ಸೂಕ್ಷ್ಮತರಂಗವನ್ನು ಓರೆಯಾಗಿ ಕೆಳಗೆ ಬಿಟ್ಟು, ಅದು ಎಷ್ಟು ಮರಳಿತೆಂದು ಅಳೆಯುತ್ತದೆ. ಯುರೋಪಿನದೇ ರಡಾರ್ ಉಪಗ್ರಹ ಸೆಂಟಿನೆಲ್-1ರ ತರಂಗ ಸುಮಾರು 5.6 ಸೆಂಟಿಮೀಟರ್ ಉದ್ದದ್ದು. ಮೋಡದ ಹನಿಗಳು ಅದನ್ನು ತಡೆಯುವುದಿಲ್ಲ. ನಿಂತ ನೀರು ಕನ್ನಡಿಯಂತೆ ತರಂಗವನ್ನು ಆಚೆಗೆ ಜಾರಿಸಿಬಿಡುವುದರಿಂದ ಪಳ್ಳ ಕಪ್ಪಾಗಿ ಕಾಣುತ್ತದೆ, ಒರಟು ನೆಲವೂ ಗಿಡಮರಗಳೂ ಬೆಳ್ಳಗೆ ಕಾಣುತ್ತವೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಕುಸಿತದ ಹರವನ್ನು ಗುರುತಿಸಲು ರಿಸ್ಯಾಟ್ ರಡಾರ್ ಚಿತ್ರಗಳನ್ನು ಬಳಸಿದ್ದೂ ಈ ಕಾರಣಕ್ಕೇ.

ರಡಾರ್ ಚಿತ್ರ ಓದುವುದು ಅಷ್ಟು ಸಲೀಸಲ್ಲ ಎಂಬುದಕ್ಕೆ ನಮ್ಮದೇ ಒಂದು ಪೆಚ್ಚುಮೋರೆಯ ಪ್ರಸಂಗವಿದೆ. ಜುಲೈಯ ಚಿತ್ರದಲ್ಲಿ ಕಪ್ಪಾದದ್ದನ್ನೆಲ್ಲ ನೀರೆಂದು ಗುರುತಿಸಿ ಪಳ್ಳಗಳ ಪಟ್ಟಿ ಮಾಡಿದೆವು. ಅದರಲ್ಲಿ ಒಂದು ಪಳ್ಳ ಬಹಳ ಉದ್ದವಾಗಿ, ಬಹಳ ನೇರವಾಗಿ, ಕರಾವಳಿಗೆ ಸಮನಾಗಿ ಸಾಗಿತ್ತು. ಹೊಳೆಯೂ ಅಷ್ಟು ನೇರ ಹರಿಯುವುದಿಲ್ಲವಲ್ಲ ಎಂದು ಹತ್ತಿರ ಹೋಗಿ ನೋಡಿದರೆ, ತಲಪಾಡಿಯಿಂದ ಈಚೆಗೆ ಅಗಲವಾದ ರಾಷ್ಟ್ರೀಯ ಹೆದ್ದಾರಿಯೇ ಅದು. ನುಣುಪಾದ ಡಾಂಬರು ಕೂಡ ತರಂಗವನ್ನು ನೀರಿನಂತೆಯೇ ಜಾರಿಸುತ್ತದೆ. ಪಟ್ಟಿಯನ್ನು ಹರಿದು ಹಾಕಿ, ಒಂದು ಭಾನುವಾರ ಛತ್ರಿ ಹಿಡಿದು ಪದವು ಹತ್ತಿದೆವು. ಒಂದು ಕಪ್ಪು ಚುಕ್ಕೆ ಇದ್ದ ಕಡೆ ಮೊಣಕಾಲಿನವರೆಗೆ ನೀರಿತ್ತು, ಇನ್ನೊಂದು ಕಡೆ ಹಳೆಯ ಕೋರೆಯ ಹೊಂಡ. ಮೂರನೆಯದು ಶಾಲೆಯ ಆಟದ ಬಯಲು. ಪಳ್ಳವೊಂದು ಚಿತ್ರದಲ್ಲಿ ಬೂದುಬಣ್ಣಕ್ಕೆ ತಿರುಗಿದ್ದೇಕೆಂದು ಅಲ್ಲಿ ನಿಂತಾಗ ತಿಳಿಯಿತು: ನೀರಿನೊಳಗಿಂದ ಹುಲ್ಲು ಗೇಣುದ್ದ ಎದ್ದು ನಿಂತಿತ್ತು. ಹೀಗೆ ಹೋಗಿ ನೋಡುವುದಕ್ಕೆ ಈ ವಿದ್ಯೆಯಲ್ಲಿ ನೆಲದ ಸತ್ಯ ಎಂಬ ಹೆಸರಿದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ ಮತ್ತು ಇಸ್ರೋಗಳ ನೈಸಾರ್ ಉಪಗ್ರಹ ಸುಮಾರು 24 ಸೆಂಟಿಮೀಟರಿನ ಉದ್ದ ತರಂಗವನ್ನೂ ಬಳಸುತ್ತದೆ. ಅದು ಎಲೆಗಳ ನಡುವೆ ನುಸುಳಿ ಕಾಂಡವನ್ನೂ ನೆಲವನ್ನೂ ಹೆಚ್ಚು ಮುಟ್ಟಬಲ್ಲದು. ಪಳ್ಳದ ಹುಲ್ಲನ್ನು ದಾಟಿ ನೀರನ್ನು ನಮಗೆ ತೋರಿಸೀತೇ ಎಂದು ನೋಡಬೇಕೆಂದಿದ್ದೇವೆ.

ಕಾಣದ್ದರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಈ ಜಿಲ್ಲೆಯ ಗೇರುತೋಟಗಳ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಎಣ್ಮಕಜೆಯಂಥ ಗ್ರಾಮಗಳು ಅದಕ್ಕೆ ತೆತ್ತ ಬೆಲೆ ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯಿತು. ಆ ವರ್ಷಗಳ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ತೆಗೆದರೆ ಗೇರುಗುಡ್ಡೆಗಳು ಹಸಿರಾಗಿಯೇ ಇವೆ. ಸಸ್ಯ ಸೂಚ್ಯಂಕ ಎಲೆಯನ್ನು ಅಳೆಯುತ್ತದೆ, ತೋಡಿನ ನೀರಿನಲ್ಲಿ ಏನಿತ್ತೆಂದು ಅದಕ್ಕೆ ತಿಳಿಯದು.

[ಪರದೆಯ ಮೇಲೆ: ಕೊಪರ್ನಿಕಸ್ ಬ್ರೌಸರ್. ಮೌಸಿನ ಬಾಣ ದಿನಾಂಕದ ಪೆಟ್ಟಿಗೆಯತ್ತ ಸಾಗುತ್ತದೆ.]

ನಿಮ್ಮ ಮನೆಯ ಹಿಂದಿನ ಗುಡ್ಡೆಯನ್ನು ನೀವೇ ನೋಡಬಹುದು. ಸೆಂಟಿನೆಲ್ ಚಿತ್ರಗಳನ್ನು ತೋರಿಸುವ ಕೊಪರ್ನಿಕಸ್ ಬ್ರೌಸರ್ ಎಂಬ ಜಾಲತಾಣವನ್ನು ತೆರೆದು ಊರನ್ನು ಹುಡುಕಿ, ಸೆಂಟಿನೆಲ್-2ನ್ನು ಆರಿಸಿ, ಮೋಡದ ಮಿತಿಯನ್ನು ಕಡಿಮೆ ಇಟ್ಟು, ಅವಕೆಂಪು ಬಣ್ಣದ ಚಿತ್ರವನ್ನು ಒತ್ತಿರಿ. ಇಸ್ರೋದ ಭುವನ್ ಜಾಲತಾಣದಲ್ಲಿ ಭೂಬಳಕೆಯ ನಕ್ಷೆಗಳೂ ಇವೆ. ನಿಮ್ಮ ಗುಡ್ಡೆಗೆ ಅಲ್ಲಿ ಯಾವ ಹೆಸರಿದೆಯೆಂದು ಹೋಲಿಸಿ ನೋಡಿ. ದಿನಾಂಕಕ್ಕೆ ಮಾತ್ರ ಮಾರ್ಚನ್ನು ಹಾಕಬೇಡಿ, ಅಕ್ಟೋಬರ್ ಹಾಕಿ. ಮೋಡ ಸರಿದ ಮೊದಲ ದಿನಗಳ ಚಿತ್ರ ಸಿಕ್ಕರೆ ಪದವಿನ ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ.

[ಪರದೆಯ ಮೇಲೆ: ನಾವು ಹತ್ತಿದ ಪದವು, ಅಕ್ಟೋಬರಿನ ಚಿತ್ರ. ನಿಧಾನವಾಗಿ ಹಿಗ್ಗುತ್ತದೆ.]

ಇದು ನಾವು ಛತ್ರಿ ಹಿಡಿದು ಹೋಗಿದ್ದ ಜಾಗ. ತಿಳಿಗೆಂಪು ಹರಡಿದ ಕಡೆ ಹುಲ್ಲಿದೆ. ನಡುವೆ ಕಾಣುವ ಏಳು ಕಪ್ಪು ಚೌಕಗಳೇ ಆ ಮೊಣಕಾಲು ನೀರಿನ ಪಳ್ಳ. ನವೆಂಬರಿನ ಕೊನೆಯ ಚಿತ್ರದಲ್ಲಿ ಅವು ನಾಲ್ಕಾಗಿವೆ, ಡಿಸೆಂಬರಿನಲ್ಲಿ ಎರಡು. ಜನವರಿಯ ಚಿತ್ರದಲ್ಲಿ ಆ ಜಾಗವನ್ನು ಸುತ್ತಲಿನ ಕಲ್ಲಿನಿಂದ ಬೇರ್ಪಡಿಸಿ ತೋರಿಸಲು ನಮಗೂ ಆಗಲಿಲ್ಲ.