ಕೊನೆಯ ಅಕ್ಷರವನ್ನೂ ಓದಿ: ಮೊದಲ ಕಂಪ್ಯೂಟರ್ ಜೋಡಿಸುವವರ ಜೊತೆ ಎರಡು ಮಾತು

(ಚಿಕ್ಕಮಗಳೂರಿನಲ್ಲಿ ಕಾಲೇಜು ಹುಡುಗರು ಮತ್ತು ಪೋಷಕರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿದೆ, ಮೇಲೆ ತಗಡಿನ ಶೀಟು ಬೇರೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ.

ಸಿಪಿಯು ಅಂದರೇನು, ರ‍್ಯಾಮ್ ಅಂದರೇನು ಅಂತ ನಾನು ಶುರು ಮಾಡುವುದಿಲ್ಲ. ಇಲ್ಲಿರುವ ಹುಡುಗರಿಗೆ ಅದು ನನಗಿಂತ ಜಾಸ್ತಿ ಗೊತ್ತು. ಪೋಷಕರಿಗೆ ಇಷ್ಟು ಸಾಕು: ಲೆಕ್ಕ ಮಾಡುವ ಮುಖ್ಯ ಚಿಪ್ಪು ಸಿಪಿಯು, ಕೆಲಸದ ಹೊತ್ತಿನ ನೆನಪು ರ‍್ಯಾಮ್. ಆದರೆ ಆಗಾಗ ಯಾರಾದರೂ ಫೋನ್ ಮಾಡಿ "ಸರ್, ಹೊಸ ಕಂಪ್ಯೂಟರ್ ಜೋಡಿಸಿದೆ, ಕೆಟ್ಟುಹೋಗಿದೆ" ಅನ್ನುತ್ತಾರೆ. ಹೋಗಿ ನೋಡಿದರೆ ಹೆಚ್ಚಿನ ಸಲ ಏನೂ ಕೆಟ್ಟಿರುವುದಿಲ್ಲ. ಕೊಂಡ ಭಾಗದ ಹೆಸರನ್ನು ಪೂರ್ತಿ ಓದಿರುವುದಿಲ್ಲ, ಅಷ್ಟೇ.

ನಮ್ಮ ಕಡೆ ಮಂಜುನಾಥ ಅಂತ ಕೂಗಿದರೆ ನಾಲ್ಕು ಜನ ತಿರುಗುತ್ತಾರೆ. ಇನಿಷಿಯಲ್ ಇರುವುದೇ ಅದಕ್ಕೆ. ಪಹಣಿಯಲ್ಲಿ ಒಂದಕ್ಷರ ಆಚೀಚೆ ಆದರೆ ಜೀವ ಹೋದವರ ಹಾಗೆ ಓಡಾಡುವ ನಾವು, ಸಿಪಿಯು ಕೊಳ್ಳುವಾಗ ಮಾತ್ರ ಕೊನೆಯ ಅಕ್ಷರ ನೋಡುವುದಿಲ್ಲ.

ನಾನೂ ನೋಡಿರಲಿಲ್ಲ. ಅಕ್ಕನ ಮಗನಿಗೆ ಡೆಸ್ಕ್‌ಟಾಪ್ ಬೇಕಿತ್ತು. ಬೆಂಗಳೂರಿಗೆ ಹೋಗಿ, ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಇಡೀ ಮಧ್ಯಾಹ್ನ ಚೌಕಾಶಿ ಮಾಡಿದೆ. ಚೀಟಿಯಲ್ಲಿ ಇಂಟೆಲ್ ಸಿಪಿಯು ಐ5 12400 ಅಂತ ಬರೆದುಕೊಂಡು ಹೋಗಿದ್ದೆ. "12400ಎಫ್ ಇದೆ ಸರ್, ಸ್ವಲ್ಪ ಕಮ್ಮಿಗೆ ಬರುತ್ತೆ" ಅಂದರು ಅಂಗಡಿಯವರು. ಕಮ್ಮಿ ಅಂದರೆ ಯಾರಿಗೆ ಬೇಡ? ತಗೊಂಡೆ. ರಾತ್ರಿ ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ಕಾಲ ಮಧ್ಯೆ ಹಿಡಿದುಕೊಂಡು, ಕಂಡಕ್ಟರ್ ಹತ್ತಿರ ಲಗೇಜ್ ವಿಷಯಕ್ಕೆ ಒಂದು ಸುತ್ತು ಮಾತಾಡಿ, ಬೆಳಗಿನ ಜಾವ ಊರಲ್ಲಿ ಇಳಿದೆ.

ಊಟದ ಮೇಜಿನ ಮೇಲೆ ಜೋಡಿಸಿದೆವು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ದೀಪ ಬಂತು, ಮಾನಿಟರ್‌ನಲ್ಲಿ ಮಾತ್ರ 'ನೋ ಸಿಗ್ನಲ್'. ರ‍್ಯಾಮ್ ತೆಗೆದು ಹಾಕಿದೆವು. ರಬ್ಬರ್‌ನಲ್ಲಿ ಉಜ್ಜಿದೆವು, ಆಗಷ್ಟೇ ಡಬ್ಬಿಯಿಂದ ತೆಗೆದ ಹೊಸ ರ‍್ಯಾಮನ್ನು! ಕೇಬಲ್ ಬದಲಿಸಿದೆವು. ಅಮ್ಮ ಒಳಗಿಂದ "ಕರೆಂಟ್ ಇದೆಯೇನೋ?" ಅಂತ ಎರಡು ಸಲ ಕೇಳಿದರು. ಮೇಜು ಖಾಲಿ ಇಲ್ಲದೆ ಮಧ್ಯಾಹ್ನ ಎಲ್ಲರೂ ನೆಲದ ಮೇಲೆ ಕೂತು ಉಂಡೆವು. ಖಾಲಿ ಡಬ್ಬಿ ತಿರುಗಿಸುತ್ತಾ ಕೂತಿದ್ದ ಹುಡುಗ ಮೆಲ್ಲಗೆ, "ಮಾಮ, ಇದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಂತೆ, ಇಲ್ಲೇ ಬರೆದಿದೆ" ಅಂದ. ಸಾರು ಗಂಟಲಲ್ಲೇ ನಿಂತಿತು.

ಎಫ್ ಅಂದರೆ ಸಿಪಿಯು ಒಳಗಿನ ಗ್ರಾಫಿಕ್ಸ್, ಅಂದರೆ ಮಾನಿಟರ್‌ಗೆ ಚಿತ್ರ ಕಳಿಸುವ ಭಾಗ, ಕೆಲಸ ಮಾಡುವುದಿಲ್ಲ ಅಂತ. ಇಂಟೆಲ್ 2019ರಿಂದ ಇಂಥವನ್ನು ಮಾರುತ್ತಿದೆ. ಬೋರ್ಡಿನ, ಅಂದರೆ ಎಲ್ಲ ಭಾಗ ಕೂರಿಸುವ ಮದರ್‌ಬೋರ್ಡಿನ ಹಿಂದೆ ಮಾನಿಟರ್ ಕೇಬಲ್ ಹಾಕುವ ಎಚ್‌ಡಿಎಂಐ ಪೋರ್ಟ್ ಇರುತ್ತದೆ, ಅದಕ್ಕೆ ಚಿತ್ರ ಕಳಿಸುವವರು ಇರುವುದಿಲ್ಲ. ಇನ್ನೊಂದು ಕಂಪನಿ ಎಎಂಡಿಯ ರೈಜೆನ್ 5000 ಸಾಲಿನಲ್ಲಿ ಉಲ್ಟಾ. ರೈಜೆನ್ 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಒಂದು ಕಡೆ ಅಕ್ಷರ ಇದ್ದರೆ ಇಲ್ಲ, ಇನ್ನೊಂದು ಕಡೆ ಅಕ್ಷರ ಇದ್ದರೆ ಇದೆ! ಕಾರ್ಡ್ ಇರುವವರೂ ನಗಬೇಡಿ, ಮಾನಿಟರ್ ಕೇಬಲ್ಲನ್ನು ಕಾರ್ಡಿಗೆ ಹಾಕದೆ ಬೋರ್ಡಿಗೆ ಹಾಕಿ ನನ್ನನ್ನು ಕರೆಸಿದವರು ಈ ಹಾಲ್‌ನಲ್ಲೇ ಇದ್ದಾರೆ.

ರ‍್ಯಾಮಿನದೂ ಇದೇ ಕಥೆ. ಬಿ660 ಅನ್ನುವ ಒಂದೇ ಹೆಸರಿನ ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್4 ಜಾತಿಯ ರ‍್ಯಾಮ್, ಕೆಲವಕ್ಕೆ ಡಿಡಿಆರ್5. ಕಚ್ಚು ಇರುವ ಜಾಗ ಬೇರೆ, ಒಂದು ಇನ್ನೊಂದರಲ್ಲಿ ಕೂರುವುದಿಲ್ಲ. ಒತ್ತಿ ಕೂರಿಸಲು ಹೋಗಬೇಡಿ. ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಳ್ಳುವವರು ಇನ್ನೂ ಹುಷಾರು. 2018ರ ಬಿ450 ಬೋರ್ಡಿಗೆ 2020ರ ಕೊನೆಗೆ ಬಂದ ರೈಜೆನ್ 5000 ಸಾಲಿನ ಸಿಪಿಯು ಸರಿಯಾಗಿ ಕೂರುತ್ತದೆ, ಆದರೆ ಬೋರ್ಡನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್, ಅಂದರೆ ಬಯಾಸ್, ಹಳೆಯದಾದರೆ ಏಳುವುದಿಲ್ಲ.

ಈಗ ಡ್ರೈವರ್‌ಗೆ, ಅಂದರೆ ಒಂದೊಂದು ಭಾಗವನ್ನೂ ವಿಂಡೋಸ್‌ಗೆ ಪರಿಚಯ ಮಾಡಿಸುವ ಸಾಫ್ಟ್‌ವೇರ್‌ಗೆ ಬರೋಣ. ಸ್ನೇಹಿತನ ಹಳೇ ಕಾರ್ಡ್ ತಂದು ಹಾಕಿದ ಮೇಲೆ ಮಾನಿಟರ್ ಕಣ್ಣು ಬಿಟ್ಟಿತು. ವಿಂಡೋಸ್ 11 ಹಾಕುತ್ತಾ ಹೋದರೆ ಅರ್ಧದಲ್ಲಿ ಇಂಟರ್ನೆಟ್ ಕೇಳಿತು. ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ಚುಚ್ಚಿದ್ದೆವು, ಆದರೆ ಲ್ಯಾನ್ ಡ್ರೈವರ್ ಇಲ್ಲ. ಡ್ರೈವರ್ ಬೇಕಾದರೆ ಇಂಟರ್ನೆಟ್ ಬೇಕು, ಇಂಟರ್ನೆಟ್ ಬೇಕಾದರೆ ಡ್ರೈವರ್ ಬೇಕು. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಅಂತಾರಲ್ಲ, ಹಾಗೆ. ಬೋರ್ಡಿನ ಡಬ್ಬಿಯಲ್ಲಿ ಡ್ರೈವರ್ ಸಿಡಿ ಕೊಟ್ಟಿದ್ದರು, ನಮ್ಮ ಕ್ಯಾಬಿನೆಟ್ಟಿನಲ್ಲಿ ಸಿಡಿ ಡ್ರೈವ್ ಹಾಕಲು ಜಾಗವೇ ಇರಲಿಲ್ಲ. ಆ ಸಿಡಿ ಈಗ ಅಮ್ಮನ ಮೆಣಸಿನ ಬಳ್ಳಿ ಹತ್ತಿರ ಮಂಗ ಓಡಿಸಲು ನೇತಾಡುತ್ತಿದೆ. ಮಂಗಗಳು ಹೆದರಿಲ್ಲ.

ದಾರಿ ಸುಲಭ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಸಿಕ್ಕಿಸಿ ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರ್‌ಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ವಿಂಡೋಸ್ ಅದನ್ನೇ ನೆಟ್‌ವರ್ಕ್ ಅಂತ ಹಿಡಿದುಕೊಳ್ಳುತ್ತದೆ. ಇಲ್ಲವಾದರೆ ಮೊದಲೇ ಬೇರೆ ಕಂಪ್ಯೂಟರ್‌ನಲ್ಲಿ ಲ್ಯಾನ್ ಡ್ರೈವರ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಎಲ್ಲಿಂದ ಇಳಿಸಬೇಕು? ಬೋರ್ಡ್ ಮಾಡಿದವರ ಪುಟದಿಂದ. ಹೆಸರು ಪೂರ್ತಿ ಹಾಕಿ, ರಿವಿಷನ್ ನಂಬರ್ ಬರೆದಿದ್ದರೆ ಅದನ್ನೂ ನೋಡಿ. ಎಲ್ಲ ಡ್ರೈವರ್ ಒಂದೇ ಸಲ ಹಾಕಿಕೊಡುತ್ತೇವೆ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಕಡೆ ತಲೆ ಹಾಕಬೇಡಿ, ಬೇಡದ್ದೆಲ್ಲ ಜೊತೆಗೆ ಬರುತ್ತದೆ.

ಎಲ್ಲ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ 'ಅನ್‌ನೋನ್ ಡಿವೈಸ್' ಅಂತ ಹಳದಿ ಗುರುತು ಬಂದರೂ ಗಾಬರಿ ಬೇಡ, ಅದಕ್ಕೂ ಹೆಸರಿದೆ. ಪ್ರಾಪರ್ಟೀಸ್‌ಗೆ ಹೋಗಿ ಹಾರ್ಡ್‌ವೇರ್ ಐಡಿ ನೋಡಿ. ವೆನ್ (VEN, ಅಂದರೆ ತಯಾರಿಸಿದ ಕಂಪನಿ) ಅಂತ ಇರುವ ಕಡೆ 10ಇಸಿ ಇದ್ದರೆ ರಿಯಲ್‌ಟೆಕ್, 10ಡಿಇ ಇದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಂಡಿ ಗ್ರಾಫಿಕ್ಸ್. ಇಂಟೆಲ್‌ನವರದು 8086, 1978ರ ಅವರ ಹಳೇ ಚಿಪ್ಪಿನ ನಂಬರು! ಮನೆದೇವರ ಹೆಸರು ಇಟ್ಟ ಹಾಗೆ ಅಲ್ವಾ?

ಚೀಟಿ ಬಂತು, ಐದೇ ನಿಮಿಷ ಅಂತೆ. ಸಿಡಿ ಕಥೆ ಬಿಟ್ಟಿದ್ದರೆ ಆಗುತ್ತಿತ್ತು. ಬೇಗ ಹೇಳುತ್ತೇನೆ. ಎರಡು ರ‍್ಯಾಮ್, ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಸಿಪಿಯು ಕಡೆಯಿಂದ ಎರಡನೆಯದು, ನಾಲ್ಕನೆಯದು. ಸಿಪಿಯು ಪಕ್ಕದ ಎಂಟು ಪಿನ್ನಿನ ಪವರ್ ಕೇಬಲ್ ಮರೆಯಬೇಡಿ. ವಿಂಡೋಸ್ 10ರ ಉಚಿತ ಅಪ್‌ಡೇಟ್‌ಗಳ ಮಾಮೂಲಿ ಕಾಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಟಿಪಿಎಂ ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಬಯಾಸ್‌ನಲ್ಲಿ ಆಫ್ ಆಗಿದ್ದರೆ ಆನ್ ಮಾಡಿ. ವಿಂಡೋಸ್ ಬದಲು ಹಾಕುವ ಲಿನಕ್ಸ್ ಬಗ್ಗೆ ಕೇಳಿದ್ದಿರಿ, ಅದರಲ್ಲಿ ಡ್ರೈವರ್ ಬಹುಪಾಲು ಅದರ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ. ಏಪ್ರಿಲ್ ಗುಡುಗಿಗೆ ಪವರ್ ಪ್ಲಗ್ ಕಿತ್ತಿಟ್ಟರೆ ಸಾಲದು, ಲ್ಯಾನ್ ಕೇಬಲ್ಲನ್ನೂ ಕೀಳಿ. ಮನೆಯಲ್ಲಿ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಆ ಮೇಜಿನ ಮೇಲೆ ಬೋರ್ಡ್, ಸಿಪಿಯು, ರ‍್ಯಾಮ್ ಎಲ್ಲ ಬಿಚ್ಚಿ ಇಟ್ಟಿದ್ದೇನೆ. ಕಾಫಿ ಕುಡಿದು, ಕೈ ಒರೆಸಿಕೊಂಡು ಬನ್ನಿ. ಮೊದಲು ಆ ಕಿಟಕಿಯ ಕಬ್ಬಿಣದ ಸರಳು ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಇಳಿಯಲಿ, ಆಮೇಲೆ ಬೋರ್ಡ್ ಮುಟ್ಟಿ. ಸಿಪಿಯು ಯಾವುದು ಅಂತ ನಾನು ಹೇಳುವುದಿಲ್ಲ, ನೀವೇ ಓದಿ ಹೇಳಬೇಕು.