ಹರವಿಯೂ ಬೆವರುತ್ತದೆ

ಕೇಳುಗರಿಗೆ ನಮಸ್ಕಾರ. ಬೇಸಿಗೆ ಬಂತೆಂದರೆ ನನ್ನ ಹತ್ತಿರ ಬರುವವರದು ಒಂದೇ ದೂರು: "ಡಾಕ್ಟರ್, ಬೆವರು ಭಾಳ ಆತ್ರಿ. ನಿಲ್ಲೂಹಂಗ ಏನರ ಕೊಡ್ರಿ." ಯಾಕೆ ನಿಲ್ಲಬೇಕು? ಬೆವರು ಹರಿದರೆ ತಂಪಲ್ಲ, ಆರಿದರೆ ತಂಪು. ಇವತ್ತು ಇದಿಷ್ಟು ಹಿಡಿದುಕೊಂಡರೆ ಸಾಕು.

ಗದಗದ ನಮ್ಮ ಮನೆಯಲ್ಲಿ ಕುಡಿಯುವ ನೀರಿಗೆ ಮಣ್ಣಿನ ಹರವಿ ಇತ್ತು. ಅದರ ಮೈ ಯಾವಾಗಲೂ ಹಸಿ ಹಸಿ. ಸೋರುತ್ತಿದೆ ಎಂದು ನನ್ನ ಹತ್ತು ವರ್ಷದ ಬುದ್ಧಿಗೆ ತೋಚಿತು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದ ಎಣ್ಣೆ ಬಣ್ಣ ಅಟ್ಟದ ಮೇಲಿತ್ತು. ಅಜ್ಜಿ ಊರಿಗೆ ಹೋದಾಗ ಹರವಿಯನ್ನು ಬಿಸಿಲಿಗೆ ಒಣಗಿಸಿ, ಹೊರಮೈಗೆ ಎರಡು ಸಲ ಬಳಿದೆ. ಕೆಂಪಗೆ ಮದುಮಗಳ ಹಾಗೆ ಹೊಳೆಯಿತು. ನೀರೂ ತುಂಬಿಟ್ಟೆ. ಮರುದಿನ ಮಧ್ಯಾಹ್ನ ಹೊಲದಿಂದ ಬಂದ ಅಜ್ಜ ಒಂದು ಗುಟುಕು ಕುಡಿದು, "ಜಳಕದ ನೀರೇನಲೇ ಇದು?" ಎಂದರು. ಸಂಜೆ ಬಂದ ಅಜ್ಜಿ ಹಣೆ ಬಡಿದುಕೊಂಡಳು: "ಹರವಿ ಬೆವರೂದನ್ನ ನಿಲ್ಲಿಸಿ ಕುಂತಿಯಲ್ಲೋ!" ಮುಂದೆ ವೈದ್ಯಕೀಯ ಓದಿದೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಡಲಿಲ್ಲ.

ನಮ್ಮ ಚರ್ಮವೂ ಹರವಿಯೇ. ಅದರಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಒಂದೊಂದೂ ಚರ್ಮದ ಆಳದಲ್ಲಿ ನೂಲಿನ ಉಂಡೆಯಂತೆ ಸುತ್ತಿಕೊಂಡ ಸಣ್ಣ ಕೊಳವೆ. ಮೈ ಬಿಸಿಯಾದರೆ ಮಿದುಳಿನಿಂದ ಅಪ್ಪಣೆ ಬರುತ್ತದೆ. ರಕ್ತದಿಂದ ಒಸರಿದ ನೀರು, ಉಪ್ಪು ಆ ಉಂಡೆಯೊಳಗೆ ಸೇರುತ್ತವೆ. ಮೇಲೇರುವ ದಾರಿಯಲ್ಲಿ ಕೊಳವೆ ಒಂದಿಷ್ಟು ಉಪ್ಪನ್ನು ವಾಪಸ್ ಎಳೆದುಕೊಳ್ಳುತ್ತದೆ. ಜಿಪುಣ ನೋಡಿ! ಕೊನೆಗೆ ತಿರುಪಿನಂತೆ ಸುತ್ತಿ ಹೊರಗೆ. ಅಲ್ಲಿ ಬೆವರು ಆರಬೇಕು. ಆರುವಾಗಲೇ ಮೈಯ ಬಿಸಿಯನ್ನು ಹೊತ್ತೊಯ್ಯುವುದು. ಒಂದು ಲೀಟರ್ ಆರಿದರೆ ಸುಮಾರು 580 ಕಿಲೋಕ್ಯಾಲರಿ ಬಿಸಿ ಹೋಯಿತು. ನೆಲಕ್ಕೆ ತೊಟ್ಟಿಕ್ಕಿದ್ದು ಸುಮ್ನೆ ದಂಡ.

ಕಾರವಾರಕ್ಕೆ ಹೋದರೆ ಮೈಯೆಲ್ಲ ಅಂಟಂಟು, ಅಲ್ವಾ? ಗಾಳಿಯಲ್ಲೇ ತೇವ, ಬೆವರು ಆರುವುದೆಲ್ಲಿ? ನಮ್ಮ ಗದಗ, ಹುಬ್ಬಳ್ಳಿಯ ಒಣ ಬಿಸಿಲಿಗೆ ಕಣ್ಣಿಗೆ ಕಾಣುವ ಮೊದಲೇ ಆರಿಬಿಡುತ್ತದೆ. "ನನಗ ಬೆವರೇ ಬರಂಗಿಲ್ಲ" ಎಂದು ನೀರು ಕುಡಿಯದೆ ಇರುವವರು ಇಲ್ಲೇ ಜಾಸ್ತಿ. ಬರುತ್ತಿದೆ, ಮಹಾರಾಯರೇ! ಅಂಗಿಯ ಬೆನ್ನ ಮೇಲೆ ಬಿಳಿ ಗೆರೆ ಇದೆಯಲ್ಲ, ಅದು ಉಪ್ಪು.

ನೈಲಾನ್ ಅಂಗಿ, ಪೌಡರ್, ಬೆವರುಸಾಲೆ ಬಗ್ಗೆಯೂ ಹೇಳುವುದಿತ್ತು. ಗಾಜಿನಾಚೆ ಆಗಲೇ ಕೈ ಮಾಡುತ್ತಿದ್ದಾರೆ, ಹರವಿ ಕಥೆಗೇ ಹೊತ್ತು ಹೋಯಿತು. ಹತ್ತಿ ಬಟ್ಟೆ ಹಾಕಿ, ಹೊಲಕ್ಕೆ ಹೋಗುವಾಗ ಉಪ್ಪು ಹಾಕಿದ ಮಜ್ಜಿಗೆ ಒಯ್ಯಿರಿ. ನಮಸ್ಕಾರ.