ಮೀನಿಗೂ ಮೊದಲು: ಚಿಕ್ಕಮಗಳೂರಿನ ಮನೆಯಲ್ಲೊಂದು ರೀಫ್ ಟ್ಯಾಂಕ್

ಇದೇ ನಮ್ಮ ಹೊಸ ರೀಫ್ ಟ್ಯಾಂಕ್, ಅಂದರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ತೊಟ್ಟಿ. ಕಲ್ಲಿದೆ, ಮರಳಿದೆ, ನೀರು ಚೆನ್ನಾಗಿ ಸುತ್ತುತ್ತಿದೆ. ಮೀನು ಮಾತ್ರ ಒಂದೂ ಇಲ್ಲ. ಮನೆಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಆದರೆ ಈ ಟ್ಯಾಂಕ್ ಖಾಲಿಯಲ್ಲ. ಇಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿದೆ.

ನೀರಿನ ವಿಷಯ ಮೊದಲು. ನಲ್ಲಿ ನೀರು ಬೇಡವೇ ಬೇಡ. ಒಂಚೂರು ತಾಮ್ರ ಸೇರಿದ್ದರೂ ಸಿಗಡಿ, ಹವಳಗಳಿಗೆ ವಿಷ. ನೀರಿನಲ್ಲಿ ಕರಗಿರುವುದನ್ನೆಲ್ಲ ತೆಗೆಯುವ ಆರ್‌ಓ-ಡಿಐ ಫಿಲ್ಟರ್‌ನಿಂದ ಬಂದ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಉಪ್ಪು ಬೆರೆಸಿದ್ದು. ಲೀಟರಿಗೆ ಸುಮಾರು 35 ಗ್ರಾಂ ರೀಫ್ ಉಪ್ಪು. ಅಡುಗೆ ಉಪ್ಪು ಆಗುವುದಿಲ್ಲ, ಹವಳ ಬೆಳೆಯಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೇಕು. ಸಿಹಿನೀರಿನ ಸಾಂದ್ರತೆ 1 ಅಂದುಕೊಂಡರೆ ಇದರದ್ದು 1.025ರ ಆಸುಪಾಸು ಇದ್ದರೆ ಸರಿ.

ಘಟ್ಟ ಇಳಿದರೆ ಸಮುದ್ರ, ಹವಳದ ಕಲ್ಲು ಅಲ್ಲಿಂದಲೇ ತರಬಹುದಲ್ವಾ? ದಯವಿಟ್ಟು ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ನಮ್ಮ ಭದ್ರಾ ಕಾಡಿನ ಹುಲಿ ಇರುವ, ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಶೆಡ್ಯೂಲ್‌ನಲ್ಲೇ ಗಟ್ಟಿ ಹವಳವೂ ಇದೆ. ಇಲ್ಲಿರುವುದು ಅಂಗಡಿಯಲ್ಲಿ ಸಿಗುವ ಒಣ ಕಲ್ಲು.

ಈಗ ಸೈಕ್ಲಿಂಗ್, ಅಂದರೆ ಮೀನಿಗೂ ಮೊದಲು ಬ್ಯಾಕ್ಟೀರಿಯಾ ಬೆಳೆಸುವ ಕೆಲಸ. ಮೀನಿನ ಹೇಲು, ಉಳಿದ ಆಹಾರ ಕೊಳೆತರೆ ಅಮೋನಿಯ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಇವುಗಳಲ್ಲಿ ಅಮೋನಿಯ ಮೀನಿಗೆ ದೊಡ್ಡ ಅಪಾಯ. ಕೆಲವರು ಅಮೋನಿಯಕ್ಕೆಂದೇ ಒಂದು ಮೀನು ಬಿಡುತ್ತಾರೆ. ಅದರ ಕಿವಿರು ಸುಡುತ್ತದೆ, ಅದು ಸುಮ್ನೆ ಹಿಂಸೆ. ನಾನು ಬಾಟಲಿ ಅಮೋನಿಯವನ್ನೇ 2 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗ) ಬರುವಷ್ಟು ಹಾಕಿದ್ದೇನೆ.

ಇಲ್ಲಿ ನೋಡಿ, ನೈಟ್ರೈಟ್ ಟೆಸ್ಟ್. ಐದು ಮಿಲಿ ಟ್ಯಾಂಕ್ ನೀರಿಗೆ ಐದು ಹನಿ ಟೆಸ್ಟ್ ದ್ರವ. ನೈಟ್ರೈಟ್ ಇಲ್ಲದಿದ್ದರೆ ತಿಳಿನೀಲಿ ಬಣ್ಣ. ಇದು ಹನಿ ಬೀಳುತ್ತಿದ್ದಂತೆಯೇ ತಳದಲ್ಲಿ ನೇರಳೆಯಾಯಿತು! ಅಂದರೆ ಮೊದಲ ಗುಂಪು ಕೆಲಸ ಶುರು ಮಾಡಿದೆ. ನನಗಂತೂ ಭಾರೀ ಖುಷಿ.

ನಮ್ಮೂರಿನ ಚಳಿಗೆ ಹೀಟರ್ ಬೇಕೇ ಬೇಕು, ನೀರು 25-26 ಡಿಗ್ರಿ ಇರಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅಂತ ಬ್ಯಾಟರಿ ಏರ್ ಪಂಪ್ ಕೂಡ ಇಟ್ಟಿದ್ದೇನೆ. ಈ ಬ್ಯಾಕ್ಟೀರಿಯಾಕ್ಕೂ ಉಸಿರಾಡಲು ಆಮ್ಲಜನಕ ಬೇಕು. ಕಂದು ಪಾಚಿ ಬಂದರೆ ಹೆದರಬೇಡಿ, ಹೊಸ ಟ್ಯಾಂಕ್‌ನಲ್ಲಿ ಅದು ಮಾಮೂಲಿ.

ಸೈಕ್ಲಿಂಗ್ ಮುಗಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಾಕಿದ ಅಮೋನಿಯ ಒಂದೇ ದಿನದಲ್ಲಿ ಸೊನ್ನೆಗಿಳಿದು, ನೈಟ್ರೈಟೂ ಸೊನ್ನೆಯಾಗಬೇಕು. ಆಮೇಲೆ ಜಾಸ್ತಿ ನೀರು ಬದಲಿಸಿ ನೈಟ್ರೇಟ್ ಇಳಿಸಿ, ಮೊದಲು ಬಸವನಹುಳು ಬಿಡುತ್ತೇನೆ.